ಅಪ್ಪನ ಕಾಗದ, ಅವ್ವನ ಅಕ್ಷರ

ಅಪ್ಪನ ಕಾಗದಪತ್ರಗಳನ್ನು ಒಯ್ಯಲು ರಂಗಭೂಮಿ ಸಂಗ್ರಹಾಲಯದಿಂದ ಇಬ್ಬರು ಬಂದಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಕೈಗೆ ಬಿಳಿ ಗವುಸು, ಮೂಗಿಗೆ ಬಟ್ಟೆ. ಆಪರೇಶನ್ ಮಾಡಲು ಬಂದವರ ಹಾಗೆ ಪಡಸಾಲೆಯಲ್ಲಿ ಬಿಳಿ ಹಾಸು ಹಾಸಿ ಮೊದಲನೆಯ ಟ್ರಂಕು ತೆಗೆದರು. ಒಂದೊಂದೇ ವಹಿ ಎತ್ತುವುದು, ಧೂಳು ಒರೆಸುವುದು, ಚೀಟಿ ಬರೆದು ಅಂಟಿಸುವುದು. ಎಷ್ಟು ಮರ್ಯಾದೆ ಅಂತೀರಿ! ಇಲಿಗೂ ಗೆದ್ದಲಿಗೂ ಹೆದರದೆ ನಲವತ್ತು ವರ್ಷ ಬಾಳಿದ ಕಾಗದಗಳಿಗೆ ಆ ಮರ್ಯಾದೆ ನೋಡಿ ನನಗೆ ಒಳಗೊಳಗೆ ಖುಷಿ. ಅರ್ಧ ತಾಸಿನ ಮೇಲೆ ಆ ಹುಡುಗಿಯ ಹೆಗಲ ಮೇಲಿಂದ ಇಣುಕಿ ಚೀಟಿ ಓದಿದೆ. ‘ಹಸ್ತಾಕ್ಷರ ಒಂದು: ನಿರ್ದೇಶಕರದು. ಹಸ್ತಾಕ್ಷರ ಎರಡು: ಅಜ್ಞಾತ ಲಿಪಿಕಾರ.’ ನನ್ನ ಪಿತ್ತ ನೆತ್ತಿಗೇರಿತು.

“ಅಜ್ಞಾತ ಅಂದ್ರ ಏನವಾ? ಆಕಿ ನಮ್ಮವ್ವ ಅದಾಳ!”

ಹುಡುಗಿ ಬೆಚ್ಚಿಬಿದ್ದು, “ಸಾರಿ ಮೇಡಂ, ಈ ಟ್ರಂಕಿನಲ್ಲಿ ಎಲ್ಲೂ ಅವರ ಹೆಸರಿಲ್ಲ” ಅಂದಳು. ಅದು ಸುಳ್ಳಲ್ಲ. ಗವುಸು ತೆಗೆಸಿ, ಇಬ್ಬರನ್ನೂ ಕೂರಿಸಿ, ಚಹಾ ಅವಲಕ್ಕಿ ಕೊಟ್ಟು ಒಂದೂವರೆ ತಾಸು ಹೇಳಿದೆ. “ಇದನ್ನ ಬರೀರಿ ಮೇಡಂ” ಅಂದರು ಪಾಪ. ನನಗೆ ಶುರು ಮಾಡು ಅನ್ನುವವರು ಒಬ್ಬರಿದ್ದರೆ ಸಾಕು, ನಿಲ್ಲಿಸು ಅನ್ನುವವರು ನಾಲ್ಕು ಮಂದಿ ಬೇಕು. ಬರೆಯುತ್ತಿದ್ದೇನೆ.

ಕಾಗವಾಡದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಕಾಗದಕ್ಕೇ ಹೆಚ್ಚು ಜಾಗ. ದ್ರಾಕ್ಷಿ ತುಂಬುವ ರಟ್ಟಿನ ಡಬ್ಬಿಗಳಲ್ಲಿ ನಾಟಕ, ಗೋಧಿ ಚೀಲಗಳ ಹಿಂದೆ ನಾಟಕ, ದೇವರ ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲ ಗೋಡೆಯ ಮಾಡಗಳಲ್ಲಿ ನಾಟಕ. ಒಮ್ಮೆ ಹಪ್ಪಳದ ಡಬ್ಬಿಯಲ್ಲೂ ಎರಡನೆಯ ಅಂಕ ಸಿಕ್ಕಿತ್ತು. ಕಬ್ಬು, ದ್ರಾಕ್ಷಿ ಎಲ್ಲ ಕಾಕಾ ನೋಡಿಕೊಳ್ಳುತ್ತಿದ್ದ. ಅಪ್ಪ ನಾಟಕದ ಮಾಸ್ತರ. ನಮ್ಮ ಕಡೆ ಊರ ರೈತರು ಸೇರಿ ನಾಟಕ ಆಡುವಾಗ ಅವರಿಗೆ ಕಲಿಸಲು ಬರುವ ನಿರ್ದೇಶಕನಿಗೆ ಮಾಸ್ತರ ಅನ್ನುವುದೇ ರೂಢಿ. ಅಥಣಿ ಕಡೆಯ ಹಳ್ಳಿಗಳಲ್ಲಿ ಕನ್ನಡ ನಾಟಕ, ನಿಪ್ಪಾಣಿ ಕಡೆ ಮರಾಠಿ ನಾಟಕ, ಅಪ್ಪನಿಗೆ ಎರಡೂ ಒಂದೇ. ಮದುವೆಗೆ ಮುಂಚೆ ಕೊಲ್ಹಾಪುರದ ಸ್ಟುಡಿಯೋದಲ್ಲಿ ಆರು ವರ್ಷ ಸಹಾಯಕನಾಗಿ ದುಡಿದು ಬಂದಿದ್ದರಿಂದ ತಲೆಯ ತುಂಬ ಸಿನಿಮಾ. ಒಂದಾದರೂ ಸ್ವಂತ ಸಿನಿಮಾ ಮಾಡಬೇಕು, ಕನ್ನಡದಲ್ಲಿ, ಇದೇ ಸೀಮೆಯ ಮಾತಿನಲ್ಲಿ ಎಂಬುದು ಅವನ ಹಟ. ಉಣ್ಣಲು ಕೂತಾಗಲೂ ಎರಡು ಕೈಯ ಬೆರಳು ಜೋಡಿಸಿ ಚೌಕ ಮಾಡಿ ನಮ್ಮನ್ನೆಲ್ಲ ಅದರೊಳಗಿಂದ ನೋಡುವವನು. ಆಯಿ, ಅಂದರೆ ಅವನ ತಾಯಿ, ಬಯ್ಯತೊಡಗಿದರೆ ಸಾಕು, ಆ ಚೌಕವನ್ನು ಆಯಿಯ ಮುಖದ ಹತ್ತಿರ ಒಯ್ಯುತ್ತಿದ್ದ.

“ಬೈ ಆಯಿ, ಇನ್ನ ಸ್ವಲ್ಪ ಬೈ. ಕ್ಲೋಜಪ್ ಭಾರಿ ಬಂದೈತಿ!”

“ನಿನ್ನ ಕ್ಲೋಜಪ್ಪಿಗೆ ಬೆಂಕಿ ಹಚ್ಚಲಿ. ಹೊತ್ತ ಮುಳಗಾಕ ಬಂತು, ಬಾಯಾಗ ತುತ್ತ ಹಾಕ್ಕೊ ಮೊದಲ!”

ಈ ಹೊತ್ತು ಮುಳುಗುವ ವಿಷಯ ನಮ್ಮ ಮನೆಯ ದೊಡ್ಡ ಗಡಿಯಾರ. ನಾವು ಜೈನರು; ಸೂರ್ಯ ಇಳಿದ ಮೇಲೆ ಊಟವಿಲ್ಲ. ಬೇರೆ ಮನೆಗಳಲ್ಲಿ ದೀಪ ಹಚ್ಚಿ ಅಡುಗೆಗೆ ಕೂರುವ ಹೊತ್ತಿಗೆ ನಮ್ಮಲ್ಲಿ ಪಾತ್ರೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ತಾಲೀಮು ಮುಗಿಸಿ ತಡವಾಗಿ ಬಂದರೆ ಅಪ್ಪನಿಗೆ ಉಪವಾಸವೇ. ಅದಕ್ಕೆ ಅವನು ಊರಿಗೆ ಬರುವ ಬಸ್ಸಿನಿಂದ ಇಳಿದು ನಡೆಯುತ್ತಿರಲಿಲ್ಲ, ಓಡುತ್ತಿದ್ದ. ಆಯಿ ಹೊಸ್ತಿಲಲ್ಲಿ ನಿಂತು ಪಡುವಣ ಕಬ್ಬಿನ ಮೇಲಿದ್ದ ಸೂರ್ಯನನ್ನು ಬೊಟ್ಟಿನಲ್ಲಿ ಅಳೆಯುವಳು. “ಎರಡ ಬೊಟ್ಟ ಐತಿ. ಒಂದೂವರಿ ಐತಿ.” ಅವ್ವ ಒಳಗೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾಹಿಂಡಿ ಬಡಿಸಿಟ್ಟು ನೀರಿನ ತಂಬಿಗೆ ಹಿಡಿದು ನಿಂತಿರುವಳು. ಅಪ್ಪ ಉಂಡ ಮೇಲೆ ಅವಳ ಊಟ. ಅವನಿಗೆ ತಡವಾದರೆ ಇಬ್ಬರಿಗೂ ಇಲ್ಲ. ಇದನ್ನು ಆಗ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ; ಅವ್ವ ಅಂದರೆ ಹಾಗೇ ಇರುವವಳು ಅಂದುಕೊಂಡಿದ್ದೆ.

ಅವ್ವ ಹಾವೇರಿ ಕಡೆಯವಳು. ಅವಳ ಮರಾಠಿ ಎಂದರೆ ನಮಗೆಲ್ಲ ಪುಕ್ಕಟೆ ನಗೆಪಾಟಲು. ತರಕಾರಿ ಮಾರುವವಳ ಜೊತೆ ಅರ್ಧ ಕನ್ನಡ, ಕಾಲು ಮರಾಠಿ, ಕಾಲು ಕೈಸನ್ನೆ. ಆದರೆ ಅಕ್ಷರ ಮಾತ್ರ ಅವಳದೇ. ಮುತ್ತು ಪೋಣಿಸಿದ ಹಾಗೆ ಬರೆಯುವವಳು. ಅಪ್ಪನ ಅಕ್ಷರವೋ, ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೇ ನಾಟಕದ ಪಾತ್ರಗಳನ್ನು ಬಿಡಿಸಿ ನಕಲು ಮಾಡುವ ಕೆಲಸ ಮದುವೆಯಾದ ವರ್ಷದಿಂದಲೇ ಅವ್ವನ ಪಾಲಿಗೆ ಬಂದಿತ್ತು. ನನಗೆ ಓದಲು ಬಂದ ಮೇಲೆ ನಾನು ಓದಿ ಹೇಳುವುದು, ಅವಳು ಬರೆಯುವುದು. ಹಳ್ಳಿಯ ಗಂಡಸರೇ ಎಲ್ಲ ಪಾತ್ರ ಮಾಡಿದರೂ ಹೆಣ್ಣಿನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಿದ್ದರು. ಆಕೆ ದಿನಾ ತಾಲೀಮಿಗೆ ಬರುವುದಿಲ್ಲ. ಅವಳ ಪಾತ್ರದ ಹಾಳೆಗಳನ್ನು ಮೊದಲೇ ಕಳಿಸಬೇಕು, ಬಾಯಿಪಾಠ ಮಾಡಿಕೊಂಡು ನೇರ ಕೊನೆಯ ದಿನ ಬಂದು ನಿಲ್ಲುತ್ತಾಳೆ. ಆ ಹಾಳೆಗಳಲ್ಲಿ ಏನಿದೆಯೋ ಅದೇ ಅವಳ ಪಾಲಿಗೆ ವೇದವಾಕ್ಯ. ಇಷ್ಟೆಲ್ಲ ನಾಟಕ ಬರೆದ ಅವ್ವ ಅವುಗಳಲ್ಲಿ ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಮನೆ ಬಿಟ್ಟು ಯಾರು ಕಳಿಸಬೇಕು?

ಆ ವರ್ಷ ಶ್ರುತಪಂಚಮಿಯ ದಿನ ಜಗಳವಾಯಿತು. ಶ್ರುತಪಂಚಮಿ ಎಂದರೆ ನಮ್ಮಲ್ಲಿ ಶಾಸ್ತ್ರದ ಹಬ್ಬ. ಗ್ರಂಥಗಳನ್ನೆಲ್ಲ ಹೊರತೆಗೆದು, ಧೂಳು ಕೊಡವಿ, ಬಿಸಿಲು ತೋರಿಸಿ, ಹೊಸ ಅರಿವೆಯಲ್ಲಿ ಕಟ್ಟಿ ಪೂಜೆ ಮಾಡುತ್ತೇವೆ. ಅಪ್ಪನದು ಏನು ಧೈರ್ಯ ನೋಡಿ, ಆಯಿ ಶಾಸ್ತ್ರ ಹರವಿದ್ದ ಮಾಳಿಗೆಯ ಮೇಲೇ ತನ್ನ ನಾಟಕದ ವಹಿಗಳನ್ನೂ ಹರವಿದ. “ಅದೂ ಅಕ್ಷರ, ಇದೂ ಅಕ್ಷರ” ಅಂತ ಅವನ ವಾದ. ಆಯಿ ನಡುವೆ ಒಂದು ಹಗ್ಗ ಎಳೆದು, ಆ ಕಡೆ ನಿನ್ನದು, ಈ ಕಡೆ ನನ್ನದು ಅಂದಳು. ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಗಾಳಿಗೆ ಒಂದು ವಹಿ ತೆರೆದುಕೊಂಡಿತು. ಪುಟದ ತುಂಬ ಅಪ್ಪ ಬೇಡವಾದ ಮಾತುಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹೊಡೆದು ಹಾಕಿದ್ದ. ಆಯಿ ಅದನ್ನು ನೋಡಿ ಎದೆ ಬಡಿದುಕೊಳ್ಳುವುದೊಂದೇ ಬಾಕಿ.

“ಅಕ್ಷರಕ್ಕ ಗೀಟ ಹೊಡದೀಯೇನೋ ಮಾರಾಯಾ? ಜ್ಞಾನಾವರಣ ಕರ್ಮ ಕಟ್ಟತೈತಿ! ಮುಂದಿನ ಜನ್ಮಕ್ಕ ಮೂಕ ಆಗಿ ಹುಟ್ಟತಿ!”

“ಬ್ಯಾಡಾದ ಮಾತ ಆಯಿ ಅವು. ಹೊಡೀದ ಮತ್ತೇನ ಮಾಡ್ಲಿ?”

“ಬ್ಯಾಡಾದ್ರ ಬ್ಯಾಡ ಅಂತ ಬರೀ. ಕುತ್ತಿಗಿ ಯಾಕ ಕೊಯ್ತಿ?”

ಜ್ಞಾನಕ್ಕೆ ಅವಮಾನ ಮಾಡಿದವನ ಜ್ಞಾನಕ್ಕೇ ಮುಸುಕು ಬೀಳುತ್ತದೆ ಎಂಬುದು ನಮ್ಮ ಧರ್ಮದ ಮಾತು. ಅಪ್ಪ ಹೊರಗೆ ನಕ್ಕರೂ ಒಳಗೆ ಅಳುಕಿದ. ಮೂಕನಾಗಿ ಹುಟ್ಟುವುದೆಂದರೆ ನಾಟಕದ ಮಾಸ್ತರನಿಗೆ ಸಣ್ಣ ಮಾತೇ? ಅಂದಿನಿಂದ ಗೀಟು ನಿಂತಿತು. ಬೇಡವಾದ ಮಾತಿನ ಪಕ್ಕ, ಅಂಚಿನಲ್ಲಿ, ‘ನಕೋ’ ಎಂದು ಬರೆಯತೊಡಗಿದ. ಮರಾಠಿಯಲ್ಲಿ ನಕೋ ಅಂದರೆ ಬೇಡ. ಸ್ಟುಡಿಯೋದಲ್ಲಿ ದಿನಕ್ಕೆ ನೂರು ಸಲ ಕೇಳಿ ನಾಲಿಗೆಗೆ ಅಂಟಿಕೊಂಡಿದ್ದ ಪದ ಅದು. ಮಳೆಗಾಲದಲ್ಲಿ ನಾಟಕವಿಲ್ಲ, ನಕಲೂ ಇಲ್ಲ; ಹಾಗಾಗಿ ಈ ಹೊಸ ಪದ್ಧತಿಯನ್ನು ಅವ್ವನಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ರಾಯಬಾಗ ತಾಲೂಕಿನ ಅಲಖನೂರಿನ ರೈತರಿಗೆ ಒಂದು ನಾಟಕ ಕಲಿಸುತ್ತಿದ್ದ. ಅವನೇ ಬರೆದದ್ದು. ಹೆಸರು ಕೇಳಬೇಡಿ, ಮೂರು ಸಲ ಬದಲಿಸಿದ್ದ. ಕತೆ ಇಷ್ಟು: ಗಂಗವ್ವ ಎಂಬ ವಿಧವೆ ಇಬ್ಬರು ಮೈದುನರನ್ನು ಸಾಕಿ ದೊಡ್ಡವರನ್ನಾಗಿ ಮಾಡುತ್ತಾಳೆ, ಅವರು ಮನೆ ಪಾಲು ಮಾಡಿಕೊಳ್ಳುವಾಗ ಎತ್ತು, ಹಂಡೆ, ಕೊಳಗ ಎಲ್ಲ ಹಂಚಿಕೆಯಾಗುತ್ತದೆ, ಗಂಗವ್ವನನ್ನು ಮಾತ್ರ ಯಾರೂ ಬೇಡುವುದಿಲ್ಲ. ಈ ನಾಟಕದ ಸುದ್ದಿ ನಿಪ್ಪಾಣಿಯ ಒಬ್ಬ ತಂಬಾಕು ಸಾಹುಕಾರರ ಕಿವಿಗೆ ಬಿತ್ತು. ಸಿನಿಮಾ ಹುಚ್ಚು ಅವರಿಗೂ ಇತ್ತು. ಒಂದು ಭಾನುವಾರ ಬೆಳಿಗ್ಗೆ ತಮ್ಮ ಗೋದಾಮಿನಲ್ಲೇ ಪೂರ್ತಿ ತಾಲೀಮು ತೋರಿಸಬೇಕು, ಮನಸ್ಸಿಗೆ ಬಂದರೆ ಇದನ್ನೇ ಸಿನಿಮಾ ಮಾಡೋಣ, ನಿರ್ದೇಶಕರು ನೀವೇ ಎಂದು ಹೇಳಿ ಕಳಿಸಿದರು. ಅಬ್ಬಬ್ಬಾ, ಆ ಹದಿನೈದು ದಿನ! ಅಪ್ಪ ರೊಟ್ಟಿಯನ್ನು ಹಾಲಿನಲ್ಲಿ ಅದ್ದುವ ಬದಲು ನೀರಿನಲ್ಲಿ ಅದ್ದಿ ತಿಂದ. ಅವ್ವ ದೇವರಿಗೆ ದಿನಾ ಒಂದು ಹೆಚ್ಚಿನ ಆರತಿ ಎತ್ತಿದಳು. ನಾನು ಶಾಲೆಯಲ್ಲಿ ಎಲ್ಲರಿಗೂ ‘ನಮ್ಮಪ್ಪನ ಸಿನಿಮಾ’ ಅಂತಲೇ ಮಾತಾಡಿ, ಗೆಳತಿಯರಿಗೆಲ್ಲ ಒಂದೊಂದು ಪಾತ್ರ ಹಂಚಿಬಿಟ್ಟಿದ್ದೆ.

ಕಲಾವಿದೆ ರೇಣುಕಾಬಾಯಿಯ ಹಾಳೆಗಳನ್ನು ನಕಲು ಮಾಡಿದ್ದು ಆ ಗದ್ದಲದಲ್ಲೇ. ಅಪ್ಪ ತಾಲೀಮಿನಲ್ಲಿ ಕೊನೆಯ ಸಲ ತಿದ್ದಿದ ವಹಿ ಕೊಟ್ಟು, ಹನ್ನೊಂದರ ಬಸ್ಸಿನ ಕಂಡಕ್ಟರನ ಕೈಗೆ ಹಾಳೆ ಮುಟ್ಟಲೇಬೇಕು ಅಂದು ಅಲಖನೂರಿಗೆ ಹೋದ. ಅಡುಗೆಮನೆಯಲ್ಲಿ ಅವ್ವ ಮಣೆಯ ಮೇಲೆ ಹಾಳೆ ಇಟ್ಟುಕೊಂಡಳು. ನಾನು ಗೋಡೆಗೆ ಒರಗಿ ಓದತೊಡಗಿದೆ. ಮಾತು, ಆಮೇಲೆ ಅಂಚಿನಲ್ಲಿ ಇದ್ದದ್ದು. ಅಪ್ಪನ ಅಂಚು ತುಂಬ ಸೂಚನೆಗಳೇ. ಎದ್ದು. ತಿರುಗಿ. ಸೆರಗು ಹಿಡಿದು. ಅತ್ತು. ನಾನು ಯಂತ್ರದ ಹಾಗೆ ಓದುತ್ತಿದ್ದೆ, ಕಣ್ಣೆಲ್ಲ ಗಡಿಯಾರದ ಮೇಲೆ.

“‘ಎಲ್ಲಾ ಪಾಲ ಮಾಡಿದ್ರಿ. ನನ್ನ ಯಾವ ಪಾಲಿಗಿ ಹಾಕ್ತೀರಿ?’ ಅಂಚಿನ್ಯಾಗ, ನಕೋ.”

“ಹೂಂ. ಮುಂದ.”

“‘ಹಂಡೇಕಾದ್ರ ಕಂಠ ಐತಿ, ಹಿಡದ ಎತ್ತಬಹುದು. ನನ್ನ ಎಲ್ಲೆ ಹಿಡದ ಎತ್ತತೀರಿ?’ ನಕೋ.”

ಅವ್ವ ಬರೆಯುವುದನ್ನು ನಿಲ್ಲಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದಳು.

“ಏನ ಬರದಾರಬೇ ನಿಮ್ಮಪ್ಪಾರು! ಹೆಣ್ಮಕ್ಕಳ ಹೊಟ್ಟ್ಯಾಗಿಂದು ಅವರಿಗೆ ಹೆಂಗ ತಿಳೀತೋ ಏನೋ.”

ನನಗೇನು ಗೊತ್ತು? ಬೇಡವಾದ ಮಾತಿಗೆ ಇವಳೇಕೆ ಅಳುತ್ತಾಳೆ ಅಂತ ಕೂಡ ನನಗೆ ಹೊಳೆಯಲಿಲ್ಲ. ಬಸ್ಸು ತಪ್ಪಿದರೆ ಅಪ್ಪ ಸಿಗಿದುಹಾಕುತ್ತಾನೆ ಎಂಬುದೊಂದೇ ತಲೆಯಲ್ಲಿ. ಹಾಳೆ ಮಡಿಸಿ ಓಡಿದೆ.

ಭಾನುವಾರ ನಾನೂ ಅಪ್ಪನ ಜೊತೆ ನಿಪ್ಪಾಣಿಗೆ ಹೋದೆ. ಅಲಖನೂರಿನ ರೈತರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ವೇಷದ ಪೆಟ್ಟಿಗೆ, ಹಾರ್ಮೋನಿಯಂ ಸಮೇತ ಬಂದಿಳಿದಿದ್ದರು. ಗೋದಾಮು ಅಂದರೆ ಗೋದಾಮು! ಎತ್ತರದ ತಗಡಿನ ಚಾವಣಿ, ಒಂದು ಪಕ್ಕ ತಂಬಾಕಿನ ಬೋದು, ಅಂದರೆ ಆಳೆತ್ತರದ ಮೂಟೆಗಳು, ಗಾಳಿಯಲ್ಲೆಲ್ಲ ಅದರ ಘಾಟು. ಒಳಗೆ ಕಾಲಿಟ್ಟದ್ದೇ ತಡ, ಶುರುವಾಯಿತು ನೋಡಿ ಸೀನು. ಹಾರ್ಮೋನಿಯಂ ಮಾಸ್ತರ ಸೀನಿದ, ದೊಡ್ಡ ಮೈದುನನ ಪಾತ್ರದ ಬಸಗೌಡ ಸೀನಿದ, ಅವನ ಅಂಟಿಸಿದ ಮೀಸೆ ಹಾರಿ ಹಾರ್ಮೋನಿಯಂ ಮೇಲೆ ಬಿತ್ತು. ಅಲ್ಲೇ ತಂಬಾಕು ಆರಿಸುವ ಹೆಂಗಸರು ರಜೆಯಿದ್ದರೂ ನಾಟಕ ಅಂತ ಮಕ್ಕಳನ್ನು ಕಟ್ಟಿಕೊಂಡು ಬಂದು ಹಿಂದೆ ಕೂತಿದ್ದರು. ಅವರಿಗೆ ಒಂದು ಸೀನೂ ಇಲ್ಲ. ನಮ್ಮನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾಹುಕಾರರು ಮುಂದೆ ಕುರ್ಚಿಯಲ್ಲಿ, ಬಿಳಿ ಟೋಪಿ, ಮುಖದಲ್ಲಿ ಹೂಂ ಇಲ್ಲ ಊಹೂಂ ಇಲ್ಲ. ಅಪ್ಪ ಪರದೆಯ ಮರೆಯಲ್ಲಿ ವಹಿ ಹಿಡಿದು ನಿಂತ, ಮರೆತವರಿಗೆ ಮಾತು ಎತ್ತಿಕೊಡಲು. ನಾನು ಅವನ ಅಂಗಿಯ ತುದಿ ಹಿಡಿದುಕೊಂಡಿದ್ದೆ. ಅವನ ಬೆನ್ನು ಬೆವರಿನಿಂದ ತೊಯ್ದಿತ್ತು.

ಎರಡು ಅಂಕ ಚೆನ್ನಾಗಿಯೇ ಹೋಯಿತು. ಪಾಲಿನ ದೃಶ್ಯ ಬಂತು. ಹಂಡೆ ಸಣ್ಣವನಿಗೆ, ಎತ್ತು ದೊಡ್ಡವನಿಗೆ. ಇಲ್ಲಿ ಗಂಗವ್ವ ಸುಮ್ಮನೆ ಬಾಗಿಲ ಕಡೆ ನಡೆಯಬೇಕು, ಬಸಗೌಡ ತಲೆ ತಗ್ಗಿಸಬೇಕು. ಹಾಗೆಂದೇ ತಾಲೀಮು ಆಗಿತ್ತು. ಆದರೆ ರೇಣುಕಾಬಾಯಿ ನಡೆಯಲಿಲ್ಲ. ತಿರುಗಿ ನಿಂತು, “ಎಲ್ಲಾ ಪಾಲ ಮಾಡಿದ್ರಿ. ನನ್ನ ಯಾವ ಪಾಲಿಗಿ ಹಾಕ್ತೀರಿ?” ಅಂದು, ನಕ್ಕಳು. ಬಸಗೌಡ ಕಕ್ಕಾಬಿಕ್ಕಿ. ಅವನ ಲೆಕ್ಕದಲ್ಲಿ ಈ ಮಾತೇ ಇಲ್ಲ. ಬಾಯಿ ತೆರೆದು ಪರದೆಯ ಕಡೆ ನೋಡಿದ. ಅಪ್ಪನ ಮುಖ ಬಿಳಿಚಿಕೊಂಡಿತ್ತು. ವಹಿಯಲ್ಲಿ ನೋಡಿದ, ಆಕೆಯನ್ನು ನೋಡಿದ, ತಡೆಯಲಾರದೆ ಪಿಸುಗುಟ್ಟಿದ.

“ನಕೋ! ಬಾಯಾರ, ನಕೋ! ನಕೋ!”

ರೇಣುಕಾಬಾಯಿ ಕಣ್ಣಂಚಿನಲ್ಲೇ ಅಪ್ಪನ ಕಡೆ ನೋಡಿ, ಸರಿ ಎಂಬಂತೆ ತಲೆಯಾಡಿಸಿ, ಇನ್ನೂ ಜೋರಾಗಿ ನಕ್ಕಳು. ಅಪ್ಪ ನಕೋ ಅಂದಷ್ಟೂ ಆಕೆ ನಕ್ಕಳು! ಹಂಡೆಯನ್ನು ಕಾಲಿನಿಂದ ಮುಟ್ಟಿ, “ಇದಕಾದ್ರ ಕಂಠ ಐತಿ, ಹಿಡದ ಎತ್ತಬಹುದು. ನನ್ನ ಎಲ್ಲೆ ಹಿಡದ ಎತ್ತತೀರಿ?” ಅಂದು ನಗುತ್ತ ನಗುತ್ತ ನೆಲಕ್ಕೆ ಕೂತಳು. ಹಿಂದಿದ್ದ ಹೆಂಗಸರು ಮೊದಲು ಅವಳ ಜೊತೆ ನಕ್ಕರು. ಆಮೇಲೆ ಒಬ್ಬಳು ನಿಲ್ಲಿಸಿದಳು, ಇನ್ನೊಬ್ಬಳು ನಿಲ್ಲಿಸಿದಳು. ರೇಣುಕಾಬಾಯಿಯ ನಗು ಒಂದೇ ಉಳಿಯಿತು. “ಅಗ ಬಾಯಿ ಗ!” ಎಂದು ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಸಗೌಡ ಏನು ಮಾಡಬೇಕೋ ತಿಳಿಯದೆ ನಿಜವಾಗಿಯೂ ಅಳತೊಡಗಿದ. ಅವನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಪಾತ್ರ ಮಾಡಿದ್ದು ಅದೊಂದೇ ಸಲ. ಪರದೆ ಬಿತ್ತು. ಸಾಹುಕಾರರು ಟೋಪಿ ತೆಗೆದು ಕಣ್ಣು ಒರೆಸಿಕೊಂಡು ಸೀದಾ ಅಪ್ಪನ ಹತ್ತಿರ ಬಂದರು.

“ಮಾಸ್ತರ, ಮೂವತ್ತ ವರ್ಷ ಈ ಘಾಟಿನ್ಯಾಗ ಅದೇನಿ, ಕಣ್ಣಾಗ ನೀರ ಬಂದಿರಲಿಲ್ಲ. ಅಳೂ ಜಾಗಾದಾಗ ನಗಸೂದು, ಇದು ಯಾರ ಡೋಕಾ?”

ಡೋಕಾ ಅಂದರೆ ತಲೆ. ಅಪ್ಪ ವಹಿ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

“ನಂದರಿ” ಅಂದ.

“ಸಿನಿಮಾ ಮಾಡೂಣು. ಆ ನಗು ಇದ್ದಂಗ ಇರಲಿ.”

ರೈತರೆಲ್ಲ ಅಪ್ಪನನ್ನು ಎತ್ತಿ ಕುಣಿಸಿದರು. ನಾನೂ ಕುಣಿದೆ, ಸೀನಿದೆ, ಮತ್ತೆ ಕುಣಿದೆ. ಚಿಕ್ಕೋಡಿಯ ಬಸ್ಸು ಹತ್ತುವ ಮುಂಚೆ ಅಪ್ಪ ರೇಣುಕಾಬಾಯಿಯ ಹಾಳೆ ಕೇಳಿ ಇಸಿದುಕೊಂಡ. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಅವ್ವನ ಮುತ್ತಿನಂಥ ಅಕ್ಷರದಲ್ಲಿ ನಾಲ್ಕು ಕಡೆ ಕಂಸದೊಳಗೆ ‘ನಕ್ಕು’ ಎಂದಿತ್ತು. “ನೀ ಏನಂತ ಓದಿದಿ?” ಅಂತ ಕೇಳಿದ. “ನಕೋ ಅಂತನ ಓದೀನಿ” ಅಂದೆ. ಎದ್ದು, ತಿರುಗಿ, ಅತ್ತು ಎಂಬ ಸಾಲಿನಲ್ಲಿ ಬಂದ ‘ನಕೋ’ ಹಾವೇರಿಯ ಕಿವಿಗೆ ‘ನಕ್ಕು’ ಎಂದೇ ಕೇಳಿಸಿತ್ತು. ಅಪ್ಪ ಚಿಕ್ಕೋಡಿಯವರೆಗೂ ನಕ್ಕ, ಕಂಡಕ್ಟರ್ ತಿರುಗಿ ತಿರುಗಿ ನೋಡುವಷ್ಟು. ಅಲ್ಲಿಂದ ಮುಂದೆ ಯಾಕೋ ಆ ಹಾಳೆಯನ್ನು ಮಡಿಸುತ್ತ, ಬಿಚ್ಚುತ್ತ ಕೂತ.

ಕಾಗವಾಡದಲ್ಲಿ ಇಳಿದು ಇಬ್ಬರೂ ಓಡಿದೆವು. ಬೆಳಗಿನಿಂದ ಅಪ್ಪನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. “ಒಂದ ಬೊಟ್ಟ ಐತಿ, ಬಾ ಬಾ!” ಎಂದು ಆಯಿ ಹೊಸ್ತಿಲಿನಿಂದಲೇ ಕೂಗುತ್ತಿದ್ದಳು. ಕಾಲು ತೊಳೆದದ್ದೇ ತಡ ಅವ್ವ ಎಡೆ ಮಾಡಿದಳು. ಅವಳ ಕಣ್ಣಿನಲ್ಲಿ ಪ್ರಶ್ನೆ. ಅಪ್ಪ, “ಸಾಹುಕಾರ್ರು ಹೂಂ ಅಂದ್ರು” ಎಂದು ರೊಟ್ಟಿ ಮುರಿದ. ಅವ್ವನ ಮುಖ ಹೇಗೆ ಅರಳಿತು ಅಂತೀರಿ! ನನಗೆ ತಡೆಯಲಾಗಲಿಲ್ಲ. ಕುಣಿಯುತ್ತ ಎಲ್ಲ ಒದರಿದೆ. ನಕೋ, ನಕ್ಕು, ಸೀನು, ಮೀಸೆ, ಮುದುಕಿ, ಸಾಹುಕಾರರ ಕಣ್ಣೀರು. ಅವ್ವ ಮೊದಲು, “ಅಯ್ಯ ನನ್ನ ಕರ್ಮ, ನಾ ಕೆಡಿಸಿದ್ನೇನು?” ಅಂದಳು. “ಇಲ್ಲವ್ವಾ, ಅದನ್ನ ನೋಡೇ ಸಾಹುಕಾರ್ರು ಇದು ಯಾರ ಡೋಕಾ ಅಂದ್ರು! ಅಪ್ಪಾ ನಂದರಿ ಅಂದ!” ಅಂದುಬಿಟ್ಟೆ. ಅಂದ ಮೇಲೆ ಅಪ್ಪನ ಮುಖ ನೋಡಿದೆ. ನಾಲಿಗೆ ಕಚ್ಚಿಕೊಂಡೆ, ಏನು ಪ್ರಯೋಜನ?

ಅವ್ವ ನೀರಿನ ತಂಬಿಗೆಯನ್ನು ನೆಲಕ್ಕೆ ಇಟ್ಟಳು.

“ಆ ಮಾತ ಬ್ಯಾಡ ಅಂತ ಬರದಿದ್ರೇನ್ರಿ ನೀವು?”

“ಹೂಂ. ಬಾಳ ಅಳಬುರಕ ಆತು ಅನಸಿತ್ತು.”

“ಅದನ್ನ ಬರಿಯೂವಾಗ ನಾ ಅತ್ತಿದ್ದೆ. ನಮ್ಮೋರಿಗೆ ಎಷ್ಟ ತಿಳೀತೈತಿ ಅಂತ ನಿಮ್ಮ ಮ್ಯಾಲ ಅಭಿಮಾನ ಪಟ್ಟ ಅತ್ತಿದ್ದೆ.” ಅವಳ ದನಿ ಏರಲಿಲ್ಲ. “ಬ್ಯಾಡ ಆದಾಗ ನಕೋ. ಬೇಕ ಆದಾಗ ನಂದರಿ. ಹೌದಿಲ್ರಿ?”

ಅಪ್ಪನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಇತ್ತು. ಹೊಸ್ತಿಲಲ್ಲಿ ಆಯಿ ಚಡಪಡಿಸುತ್ತಿದ್ದಳು. “ಉಣ್ಣೋ, ಅರ್ಧಾ ಬೊಟ್ಟ ಐತಿ! ಉಣ್ಣೋ, ಮುಳಗ್ತು!” ಅಪ್ಪನ ಕೈ ಮೇಲೇಳಲಿಲ್ಲ. ತಟ್ಟೆ ನೋಡುತ್ತ ಕೂತೇ ಇದ್ದ. ಅಡುಗೆಮನೆಯ ಕಿಟಕಿಯ ಬೆಳಕು ಪಲ್ಯದ ಮೇಲಿಂದ ಸರಿದು, ಗೋಡೆ ಹತ್ತಿ, ಹೋಯಿತು. ಆಯಿ ಒಳಗೆ ಬಂದು ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. “ಮಂದಿದ ತನ್ನದು ಅಂದ್ರ ಅದೂ ಕಳವನ ಅಪ್ಪಾ” ಎಂದಷ್ಟೇ ಹೇಳಿ ಜಪಮಣಿ ತೆಗೆದುಕೊಂಡು ದೇವರ ಕೋಣೆಗೆ ಹೋದಳು. ಅವ್ವ ತಟ್ಟೆ ಎತ್ತಿ ರೊಟ್ಟಿಯನ್ನು ದನಕ್ಕೆ ಹಾಕಲು ಹೋದಳು. ಅವಳೂ ಉಂಡಿರಲಿಲ್ಲ. ನನಗೆ ಎಷ್ಟು ಅಳು ಬಂತೆಂದರೆ, ಸಿನಿಮಾನೇ ಬೇಡ ದೇವರೇ, ಇವರಿಬ್ಬರೂ ಉಣ್ಣಲಿ ಅಂತ ಬೇಡಿಕೊಂಡೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಲ್ಲ. ಮೊದಲ ಬಸ್ಸಿಗೇ ನಿಪ್ಪಾಣಿಗೆ ಹೋಗಿದ್ದ, ಚಹಾ ಕೂಡ ಕುಡಿಯದೆ. ಅವ್ವ ಏನೂ ಆಗದವಳ ಹಾಗೆ ಜೋಳ ಹಸನು ಮಾಡುತ್ತಿದ್ದಳು, ಆದರೆ ಬಸ್ಸಿನ ಸದ್ದಾದಾಗಲೆಲ್ಲ ಮೊರದ ಕೈ ನಿಲ್ಲುತ್ತಿತ್ತು. ಸಾಹುಕಾರರು ಮನಸ್ಸು ಬದಲಿಸಿದರೆ? ಸುಳ್ಳು ಹೇಳಿದ ಮಾಸ್ತರ ಬೇಡ ಅಂದರೆ? ಮಧ್ಯಾಹ್ನ ಎರಡರ ಹೊತ್ತಿಗೆ ಅಪ್ಪ ಬಂದ. ಆಯಿ, ಅವ್ವ, ನಾನು ಮೂವರೂ ಪಡಸಾಲೆಯಲ್ಲೇ ಇದ್ದೆವು. ಅವನು ಟೋಪಿ ತೆಗೆದು ಗೂಟಕ್ಕೆ ಹಾಕಿದ.

“ಹೇಳಿ ಬಂದೆ. ನಿನ್ನಿ ಸುಳ್ಳ ಹೇಳೇನ್ರಿ ಅಂದೆ.”

“ಏನಂದ್ರು?” ಅಂತ ನಾನು ಹಾರಿದೆ.

“ಏನಂತಾರ! ಬೋದ ತೂಗಸಾಕತ್ತಿದ್ರು. ‘ಬರೋಬರ ಆತು, ಸಿನಿಮಾದ್ದೂ ಅವರ ಕಡಿಂದನ ಬರಸ್ರಿ’ ಅಂದ್ರು, ಮತ್ತ ತಕ್ಕಡಿ ಕಡೆ ತಿರಗಿದ್ರು.”

ನಾನು ಕೇಕೆ ಹೊಡೆದು ಆಯಿಯನ್ನು ತಬ್ಬಿಕೊಂಡೆ. ಆಯಿ, “ಬಿಡ ನನ್ನ, ಹುಚ್ಚಿ!” ಎಂದು ನಕ್ಕಳು. ಅವ್ವ ಮಾತ್ರ ಮೊರ ಕೆಳಗಿಡಲಿಲ್ಲ.

“ಯಾರ ಬರದದ್ದು ಅಂತ ಹೇಳಿದ್ರಿ?”

“ನಮ್ಮ ಮನಿಯಾಕಿ ಬರದದ್ದು ಅಂದೆ.”

“ಮನಿಯಾಕಿಗಿ ಹೆಸರಿಲ್ಲೇನ್ರಿ?”

ಅಪ್ಪ ಕಿವಿಯವರೆಗೂ ಕೆಂಪಾದ. ತಾಯಿಯ ಎದುರು ಹೆಂಡತಿಯ ಹೆಸರು ಹಿಡಿಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಆಯಿಯ ಕಡೆ ಒಮ್ಮೆ ನೋಡಿ, ಹೊಸ ವಹಿಯೊಂದನ್ನು ತೆಗೆದ. ಮೊದಲ ಪುಟದಲ್ಲಿ ತನ್ನ ಹೆಸರು ಬರೆದ. ಅದರ ಕೆಳಗೆ, ಅದೇ ಗಾತ್ರದ ಅಕ್ಷರದಲ್ಲಿ ‘ಸೌ. ಸುಮನ’ ಎಂದು ಬರೆದು ಅವ್ವನ ಮುಂದೆ ಹಿಡಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ! ನನಗಂತೂ ಚಪ್ಪಾಳೆ ತಟ್ಟಬೇಕು ಅನಿಸಿತು. ಅವ್ವ ಮೊರ ಬದಿಗಿಟ್ಟು, ಕೈ ಒರೆಸಿಕೊಂಡು, ನಿಧಾನವಾಗಿ ಓದಿದಳು.

“ಇದು ಮದುವಿ ದಿನ ಅಕ್ಕಿ ತಾಟಿನ್ಯಾಗ ನೀವು ಬರದ ಇಟ್ಟ ಹೆಸರು. ಅಕ್ಷರ ಕಲತಾಕಿ, ಬರದಾಕಿ ಸುಮನ ಅಲ್ಲ. ಅನಂತಮತಿ.”

ನಮ್ಮ ಕಡೆ ಮದುವೆಯ ದಿನ ಗಂಡ ಅಕ್ಕಿಯ ಮೇಲೆ ಬೆರಳಿನಿಂದ ಬರೆದು ಹೆಂಡತಿಗೆ ಹೊಸ ಹೆಸರು ಇಡುವುದು ರೂಢಿ. ನಾನು ಬೆರಗಾಗಿ ಅವಳನ್ನೇ ನೋಡಿದೆ. ತವರಿನಲ್ಲಿ ಎಲ್ಲರೂ ಅವಳಿಗೆ ಅಕ್ಕಾ ಅನ್ನುತ್ತಿದ್ದರು, ಇಲ್ಲಿ ಸೊಸೆ, ವೈನಿ, ಅವ್ವ. ನನ್ನ ತಾಯಿಯ ಹೆಸರು ನನಗೆ ಹನ್ನೊಂದನೆಯ ವರ್ಷದಲ್ಲಿ ಗೊತ್ತಾಯಿತು. ಅಪ್ಪ ಪುಟ ತಿರುಗಿಸಿ, ಹೊಸ ಹಾಳೆಯ ಮೇಲೆ ಪೆನ್ನು ಇಟ್ಟು ತಡೆದ. ಅವನು ಕಲಿತದ್ದು ಮರಾಠಿ ಶಾಲೆಯಲ್ಲಿ.

“ಹೆಂಗ ಬರೀತಾರ ಇದನ್ನ? ಕಡೀಕಿಂದು ಗಿಡ್ಡ ತಿ ಏನ, ಉದ್ದ ತೀ ಏನ?”

ಅವ್ವ ಅವನ ಎದುರು ಕೂತಳು.

“ಕೇಳಿಸಿದಂಗ ಬರೀರಿ. ನಾನೂ ಹಂಗ ಬರದೀನಿ.”